ಒಂದೇ ಬಿಟ್‌ನ ಪ್ರೊಸೆಸರ್‌ನಿಂದ ಏನು ಕೆಲಸ ಆದೀತು?

ಪ್ರಶ್ನೆ: ಈಗ ಫೋನಿನಲ್ಲೇ 64 ಬಿಟ್ ಪ್ರೊಸೆಸರ್ ಇರುತ್ತದೆ. ಹಳೇ ಚಿಪ್‌ಗಳ ಬಗ್ಗೆ ಓದುತ್ತಿದ್ದಾಗ ಮೋಟೊರೋಲಾ ಒಂದು ಕಾಲದಲ್ಲಿ 1 ಬಿಟ್ ಪ್ರೊಸೆಸರ್ ಮಾರುತ್ತಿತ್ತು ಅಂತ ಗೊತ್ತಾಯಿತು. ಒಂದು ಬಿಟ್ ಅಂದರೆ 0 ಇಲ್ಲವೇ 1, ಅಷ್ಟೇ. ಹಾಗಾದರೆ ಅದಕ್ಕೆ ಎರಡೇ ಇನ್‌ಸ್ಟ್ರಕ್ಷನ್, ಎರಡೇ ಜಾಗದ ಮೆಮೊರಿ ಇರಬೇಕಲ್ವಾ? ಇದನ್ನು ನಿಜವಾಗಿ ಎಲ್ಲಾದರೂ ಬಳಸಿದ್ದಾರಾ? ಈಗಲೂ ಇದೆಯಾ? ಮನೆಯಲ್ಲೇ ಒಂದು ಕಟ್ಟಿ ನೋಡಬಹುದಾ?

ಉತ್ತರ: ಬಳಸಿದ್ದಾರೆ, ಅದೂ ಯಂತ್ರಗಳನ್ನು ನಡೆಸುವಂಥ ಗಂಭೀರ ಕೆಲಸಕ್ಕೆ. ಆದರೆ ಮೊದಲು ಆ "ಎರಡೇ ಇನ್‌ಸ್ಟ್ರಕ್ಷನ್" ಅನ್ನುವ ಲೆಕ್ಕವನ್ನು ಸರಿಮಾಡಿಕೊಳ್ಳೋಣ. ಈ ಗೊಂದಲ ತುಂಬಾ ಜನಕ್ಕೆ ಇದೆ.

ಪ್ರೊಸೆಸರ್‌ಗೆ ಇಷ್ಟು ಬಿಟ್ ಅಂತ ಹೇಳುವಾಗ ಸಾಮಾನ್ಯವಾಗಿ ಡೇಟಾದ ಅಗಲ ಹೇಳುತ್ತೇವೆ. ಅಂದರೆ ಒಂದು ಸಲಕ್ಕೆ ಎಷ್ಟು ಬಿಟ್ ಮೇಲೆ ಲೆಕ್ಕ ನಡೆಯುತ್ತದೆ ಅನ್ನುವುದು. ಇನ್‌ಸ್ಟ್ರಕ್ಷನ್ ಎಷ್ಟು ಬಿಟ್, ಮೆಮೊರಿ ವಿಳಾಸ ಎಷ್ಟು ಬಿಟ್ ಅನ್ನುವುದು ಬೇರೆಯದೇ ವಿಷಯ. 8 ಬಿಟ್‌ನ ಜೆಡ್80 ಪ್ರೊಸೆಸರ್‌ಗೆ 16 ಬಿಟ್ ವಿಳಾಸ ಇತ್ತು, ಹಾಗಾಗಿ 256 ಜಾಗಕ್ಕೆ ನಿಲ್ಲದೆ 65,536 ಜಾಗ ಸಿಗುತ್ತಿತ್ತು. 1 ಬಿಟ್ ಪ್ರೊಸೆಸರ್‌ನಲ್ಲೂ ಹಾಗೇ. ಒಂದು ಬಿಟ್ ಇರುವುದು ಡೇಟಾ ಮಾತ್ರ.

ನೀವು ಓದಿದ್ದು ಎಂಸಿ14500ಬಿ ಬಗ್ಗೆ ಇರಬೇಕು. 1977ರಲ್ಲಿ ಬಂದ ಚಿಪ್. ಮೋಟೊರೋಲಾ ಇದನ್ನು ಮೈಕ್ರೋಪ್ರೊಸೆಸರ್ ಅಂತ ಕರೆಯಲೇ ಇಲ್ಲ, ಇಂಡಸ್ಟ್ರಿಯಲ್ ಕಂಟ್ರೋಲ್ ಯೂನಿಟ್ ಅಂತ ಹೆಸರಿಟ್ಟಿತು. ಇದಕ್ಕೆ ಬರೀ 16 ಪಿನ್. ಎಣಿಸಿ ನೋಡಿದರೆ ಇಡೀ ಚಿಪ್ ಅರ್ಥವಾಗುತ್ತದೆ. ಪವರ್‌ಗೆ ಎರಡು, ಇನ್‌ಸ್ಟ್ರಕ್ಷನ್ ತೆಗೆದುಕೊಳ್ಳಲು ನಾಲ್ಕು, ಡೇಟಾಗೆ ಒಂದೇ ಒಂದು, ಬರೆಯುವ ಸೂಚನೆಗೆ ಒಂದು, ಕ್ಲಾಕ್‌ಗೆ ಎರಡು, ರೀಸೆಟ್‌ಗೆ ಒಂದು, ಒಳಗಿನ ಫಲಿತಾಂಶ ಹೊರಗೆ ತೋರಿಸಲು ಒಂದು. ಉಳಿದ ನಾಲ್ಕು ಪಿನ್ ಹೊರಗಿನ ಸರ್ಕ್ಯೂಟಿಗೆ "ಜಂಪ್ ಬಂತು, ರಿಟರ್ನ್ ಬಂತು" ಅಂತ ತಿಳಿಸುವ ಫ್ಲ್ಯಾಗ್‌ಗಳು.

ಈ ಪಟ್ಟಿಯಲ್ಲಿ ವಿಳಾಸದ ಪಿನ್ ಒಂದೂ ಇಲ್ಲ, ಗಮನಿಸಿದಿರಾ? ಈ ಪ್ರೊಸೆಸರ್‌ಗೆ ತಾನು ಯಾವ ವಿಳಾಸದಿಂದ ಓದುತ್ತಿದ್ದೇನೆ ಅಂತ ಗೊತ್ತೇ ಇರುವುದಿಲ್ಲ. ಪ್ರೋಗ್ರಾಂ ಕೌಂಟರ್ ಕೂಡ ಒಳಗಿಲ್ಲ. ಹೊರಗೆ ಒಂದು ಸಾದಾ ಕೌಂಟರ್ ಚಿಪ್ 0, 1, 2 ಅಂತ ಎಣಿಸುತ್ತಾ ಹೋಗುತ್ತದೆ. ಆ ಸಂಖ್ಯೆಗೆ ತಕ್ಕಂತೆ ರಾಮ್‌ನಿಂದ (ROM, ಓದಲು ಮಾತ್ರ ಬರುವ ಪ್ರೋಗ್ರಾಂ ಮೆಮೊರಿ) ಒಂದು ಸಾಲು ಹೊರಬರುತ್ತದೆ. ಸಾಲಿನ ನಾಲ್ಕು ಬಿಟ್ ಪ್ರೊಸೆಸರ್‌ಗೆ ಹೋಗುತ್ತದೆ. ಉಳಿದ ಬಿಟ್‌ಗಳು ಪ್ರೊಸೆಸರ್ ಕಡೆ ತಲೆಯೂ ಹಾಕದೆ ಸೀದಾ ಇನ್‌ಪುಟ್ ಆರಿಸುವ ಚಿಪ್‌ಗೂ ಔಟ್‌ಪುಟ್ ಹಿಡಿದಿಡುವ ಚಿಪ್‌ಗೂ ಹೋಗುತ್ತವೆ. ಹಾಗಾಗಿ ಮೆಮೊರಿಗೆ ಪ್ರೊಸೆಸರ್ ಕಡೆಯಿಂದ ಮಿತಿಯೇ ಇಲ್ಲ. ವಿನ್ಯಾಸ ಮಾಡುವವರು ರಾಮ್ ಎಷ್ಟು ಅಗಲ ಹಾಕುತ್ತಾರೋ, ಕೌಂಟರ್ ಎಷ್ಟು ಉದ್ದ ಮಾಡುತ್ತಾರೋ ಅಷ್ಟು. ನನಗೆ ಈ ಚಿಪ್‌ನಲ್ಲಿ ತುಂಬಾ ಇಷ್ಟವಾಗುವುದು ಇದೇ. ಪ್ರೊಸೆಸರ್ ಅಂದ ತಕ್ಷಣ ಏನೇನು ಇರಲೇಬೇಕು ಅಂದುಕೊಂಡಿರುತ್ತೇವೋ ಅದರಲ್ಲಿ ಅರ್ಧ ಇಲ್ಲಿ ಇಲ್ಲ, ಆದರೂ ಕೆಲಸ ನಡೆಯುತ್ತದೆ.

ಇನ್‌ಸ್ಟ್ರಕ್ಷನ್‌ಗೆ ನಾಲ್ಕು ಬಿಟ್, ಅಂದರೆ ಒಟ್ಟು 16 ಇನ್‌ಸ್ಟ್ರಕ್ಷನ್. ಒಂದು ಬಿಟ್ ಓದುವುದು, ಅದನ್ನೇ ತಿರುಗಿಸಿ (0 ಇದ್ದರೆ 1, 1 ಇದ್ದರೆ 0) ಓದುವುದು. ಆಂಡ್ (ಎರಡೂ ಬಿಟ್ 1 ಆದರೆ 1), ಆರ್ (ಒಂದಾದರೂ 1 ಆದರೆ 1), ಎರಡಕ್ಕೂ ತಿರುಗಿಸಿದ ರೂಪ. ಎಕ್ಸ್‌ನಾರ್, ಅಂದರೆ ಎರಡು ಬಿಟ್ ಒಂದೇ ಆಗಿದ್ದರೆ 1. ಫಲಿತಾಂಶವನ್ನು ಹಾಗೇ ಇಲ್ಲವೇ ತಿರುಗಿಸಿ ಬರೆಯುವುದು. ಇಲ್ಲಿಗೆ ಒಂಬತ್ತಾಯಿತು. ಜಂಪ್, ರಿಟರ್ನ್, "ಫಲಿತಾಂಶ 0 ಆಗಿದ್ದರೆ ಮುಂದಿನದನ್ನು ಬಿಟ್ಟುಬಿಡು" ಅನ್ನುವ ಸ್ಕಿಪ್, ಏನೂ ಲೆಕ್ಕ ಮಾಡದೆ ಫ್ಲ್ಯಾಗ್ ಮಾತ್ರ ಎತ್ತುವ ಎರಡು. ಕೊನೆಗೆ ಐಇಎನ್, ಒಇಎನ್ ಅಂತ ಎರಡು ವಿಶೇಷದವು, ಅವುಗಳ ಮಾತು ಆಮೇಲೆ. ಲೆಕ್ಕವೆಲ್ಲ ನಡೆಯುವುದು ರಿಸಲ್ಟ್ ರಿಜಿಸ್ಟರ್ ಅನ್ನುವ ಒಂದೇ ಒಂದು ಬಿಟ್‌ನಲ್ಲಿ.

ಇದರಿಂದ ಏನು ಮಾಡುವುದು? ಒಂದು ಮೋಟಾರ್ ಸ್ಟಾರ್ಟರ್ ತೆಗೆದುಕೊಳ್ಳಿ. ಹಸಿರು ಬಟನ್ ಒತ್ತಿದರೆ ಮೋಟಾರ್ ತಿರುಗಬೇಕು, ಕೈ ತೆಗೆದರೂ ತಿರುಗುತ್ತಿರಬೇಕು. ಕೆಂಪು ಬಟನ್ ಒತ್ತಿದರೆ ನಿಲ್ಲಬೇಕು. ಮೋಟಾರ್ ಮೇಲೆ ಹೊರೆ ಜಾಸ್ತಿಯಾಗಿ ಓವರ್‌ಲೋಡ್ ರಿಲೇ ಟ್ರಿಪ್ ಆದರೂ ನಿಲ್ಲಬೇಕು. ಈ ಚಿಪ್‌ಗೆ ಪ್ರೋಗ್ರಾಂ ಹೀಗಿರುತ್ತದೆ:

ಲೋಡ್ ಸ್ಟಾರ್ಟ್
ಆರ್ ಮೋಟಾರ್
ಆಂಡ್ ಸ್ಟಾಪ್
ಆಂಡ್ ಓವರ್‌ಲೋಡ್
ಸ್ಟೋರ್ ಮೋಟಾರ್

ಎರಡನೇ ಸಾಲು ನೋಡಿ. ಮೋಟಾರ್ ಆಗಲೇ ಓಡುತ್ತಿದ್ದರೆ, ಸ್ಟಾರ್ಟ್ ಬಟನ್ ಬಿಟ್ಟರೂ ಫಲಿತಾಂಶ 1 ಆಗಿಯೇ ಉಳಿಯುತ್ತದೆ. ಎಲೆಕ್ಟ್ರಿಷಿಯನ್‌ಗಳು ಕಾಂಟ್ಯಾಕ್ಟರ್‌ನಲ್ಲಿ ಹೋಲ್ಡಿಂಗ್ ಕಾಂಟ್ಯಾಕ್ಟ್ ಕಟ್ಟುತ್ತಾರಲ್ಲ, ಅದೇ ಇದು, ತಂತಿಯ ಬದಲು ಒಂದು ಸಾಲು. ಮೂರನೇ ಸಾಲಿನಲ್ಲಿ ತಿರುಗಿಸಿದ ಆಂಡ್ ಬರಬೇಕಿತ್ತಲ್ವಾ ಅಂತ ಅನಿಸಬಹುದು. ಸ್ಟಾಪ್ ಒತ್ತಿದರೆ ತಾನೇ ನಿಲ್ಲಬೇಕು? ಆದರೆ ಸ್ಟಾಪ್ ಬಟನ್‌ಗೆ ಯಾವಾಗಲೂ ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಕಾಂಟ್ಯಾಕ್ಟ್ ಹಾಕುತ್ತಾರೆ. ಒತ್ತದೆ ಇದ್ದಾಗ ಕರೆಂಟ್ ಹರಿಯುತ್ತಿರುತ್ತದೆ, ಸಿಗ್ನಲ್ 1. ಒತ್ತಿದರೆ 0. ಹೀಗೆ ಮಾಡಿದರೆ ಸ್ಟಾಪ್ ಬಟನ್‌ನ ವೈರ್ ಎಲ್ಲಾದರೂ ತುಂಡಾದರೂ ಮೋಟಾರ್ ನಿಂತುಬಿಡುತ್ತದೆ. ಓವರ್‌ಲೋಡ್‌ಗೂ ಅದೇ ಕ್ರಮ. ಪ್ರೋಗ್ರಾಂ ಬರೆಯುವವರು ಈ ವೈರಿಂಗ್ ಗೊತ್ತಿಲ್ಲದೆ ಬರೆದರೆ ಅನಾಹುತ.

ಐದು ಇನ್‌ಸ್ಟ್ರಕ್ಷನ್, ಒಂದೊಂದಕ್ಕೆ ಒಂದು ಕ್ಲಾಕ್. 1 ಮೆಗಾಹರ್ಟ್ಸ್‌ನಲ್ಲಿ 5 ಮೈಕ್ರೋಸೆಕೆಂಡ್. ಇದನ್ನೇ 8 ಬಿಟ್‌ನ 8051 ಮೈಕ್ರೋಕಂಟ್ರೋಲರ್‌ನಲ್ಲಿ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿ ಬರೆಯಿರಿ. ಅದರಲ್ಲೂ ಐದೇ ಇನ್‌ಸ್ಟ್ರಕ್ಷನ್. ಮೊದಲನೆಯದಕ್ಕೆ 1 ಮೈಕ್ರೋಸೆಕೆಂಡ್, ಉಳಿದ ನಾಲ್ಕಕ್ಕೆ ಎರಡೆರಡು, ಒಟ್ಟು 9. ಅಂದರೆ ಈ ಒಂದು ಕೆಲಸದಲ್ಲಿ 12 ಪಟ್ಟು ನಿಧಾನದ ಕ್ಲಾಕ್ ಇರುವ 1 ಬಿಟ್ ಚಿಪ್ಪೇ ಮುಂದೆ!

ಪ್ರೋಗ್ರಾಂ ಮುಗಿದ ಮೇಲೆ ಏನಾಗುತ್ತದೆ? ಏನೂ ಇಲ್ಲ, ಕೌಂಟರ್ ಕೊನೆ ಮುಟ್ಟಿ ಮತ್ತೆ 0ಯಿಂದ ಶುರುವಾಗುತ್ತದೆ. ಮತ್ತೆ ಎಲ್ಲ ಇನ್‌ಪುಟ್ ಓದು, ಲೆಕ್ಕ ಹಾಕು, ಬರೆ. 256 ಸಾಲಿನ ಪ್ರೋಗ್ರಾಂ ಆದರೆ ಒಂದು ಸುತ್ತಿಗೆ 256 ಮೈಕ್ರೋಸೆಕೆಂಡ್. ಬಟನ್ ಒತ್ತುವ ಬೆರಳಿಗೂ ರಿಲೇಗೂ ಮಿಲಿಸೆಕೆಂಡ್‌ಗಟ್ಟಲೆ ಬೇಕು, ಹಾಗಾಗಿ ಇದು ಬೇಕಾದಷ್ಟಾಯಿತು. ಜಂಪ್ ಹಾಕದೆ ಬರೆದರೆ ಪ್ರತಿ ಸುತ್ತಿಗೂ ಹಿಡಿಯುವ ಸಮಯ ಕರಾರುವಾಕ್ಕಾಗಿ ಒಂದೇ. ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡು ಹ್ಯಾಂಗ್ ಆಗಲು ಅಲ್ಲಿ ಜಾಗವೇ ಇರುವುದಿಲ್ಲ.

ಜಂಪ್ ಇಲ್ಲದೆ "ಹೀಗಾದರೆ ಮಾತ್ರ ಇದನ್ನು ಮಾಡು" ಅಂತ ಹೇಗೆ ಹೇಳುವುದು? ಅದಕ್ಕೇ ಐಇಎನ್, ಒಇಎನ್ ಇರುವುದು. ಒಇಎನ್‌ಗೆ ಒಂದು ಬಿಟ್ ಕೊಡಬೇಕು. ಆ ಬಿಟ್ 0 ಆಗಿದ್ದರೆ ಮುಂದೆ ಎಷ್ಟು ಸಲ ಸ್ಟೋರ್ ಬಂದರೂ ಹೊರಗೆ ಏನೂ ಬರೆಯುವುದಿಲ್ಲ. ಪ್ರೋಗ್ರಾಂ ಓಡುತ್ತಲೇ ಇರುತ್ತದೆ, ಕೈ ಮಾತ್ರ ಕಟ್ಟಿಹಾಕಿದಂತೆ. ಐಇಎನ್ ಇನ್‌ಪುಟ್ ಕಡೆ ಅದೇ ಥರ, 0 ಆದರೆ ಓದಿದ್ದೆಲ್ಲ 0. ಮ್ಯಾನ್ಯುಯಲ್, ಆಟೋ ಅಂತ ಎರಡು ಮೋಡ್ ಇರುವ ಯಂತ್ರದಲ್ಲಿ, ಆಟೋ ಭಾಗದ ಮುಂದೆ "ಒಇಎನ್ ಆಟೋ" ಅಂತ ಒಂದು ಸಾಲು ಹಾಕಿದರೆ ಮುಗಿಯಿತು. ರೀಸೆಟ್ ಆದಾಗ ಈ ಎರಡೂ 0 ಆಗಿರುತ್ತವೆ. ಹಾಗಾಗಿ ಪವರ್ ಬಂದ ಕೂಡಲೇ ಯಾವ ಮೋಟಾರೂ ತಾನಾಗಿ ಓಡುವುದಿಲ್ಲ, ಪ್ರೋಗ್ರಾಮೇ ಬಾಗಿಲು ತೆರೆಯಬೇಕು.

ಒಂದು ಎಚ್ಚರಿಕೆ ಮಾತ್ರ ಬೇಕು. ಈ ಚಿಪ್ ಇನ್‌ಪುಟ್ಟನ್ನು ಆಯಾ ಸಾಲು ಬಂದಾಗಲೇ ಓದುತ್ತದೆ. ಸುತ್ತಿನ ಮಧ್ಯದಲ್ಲಿ ಒಂದು ಸ್ವಿಚ್ ಬದಲಾದರೆ 10ನೇ ಸಾಲಿಗೆ ಅದು 0, 200ನೇ ಸಾಲಿಗೆ 1. ಒಂದೇ ಸುತ್ತಿನಲ್ಲಿ ಎರಡು ಸತ್ಯ! ಅದಕ್ಕೆ ಸುತ್ತಿನ ಶುರುವಿನಲ್ಲೇ ಎಲ್ಲ ಇನ್‌ಪುಟ್‌ಗಳನ್ನೂ ಮೆಮೊರಿಗೆ ಕಾಪಿ ಮಾಡಿಕೊಂಡು, ಆಮೇಲೆ ಆ ಕಾಪಿಯನ್ನೇ ಓದಬೇಕು. ಈಗಿನ ಪಿಎಲ್‌ಸಿಗಳು (ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್‌ಗಳು) ಇದನ್ನು ತಾವೇ ಮಾಡುತ್ತವೆ.

ಪಿಎಲ್‌ಸಿ ಅಂದೆನಲ್ಲ, ಈ ಯೋಚನೆಯ ಮೂಲವೂ ಅಲ್ಲೇ ಇದೆ. 1960ರ ದಶಕದ ಕಾರ್ಖಾನೆಗಳಲ್ಲಿ ಯಂತ್ರಗಳ ನಿಯಂತ್ರಣ ಅಂದರೆ ಗೋಡೆಯಷ್ಟು ದೊಡ್ಡ ರಿಲೇ ಪ್ಯಾನೆಲ್. ಉತ್ಪಾದನೆಯ ಕ್ರಮ ಬದಲಾದರೆ ಇಡೀ ವೈರಿಂಗ್ ಬಿಚ್ಚಿ ಕಟ್ಟಬೇಕು. 1968ರಲ್ಲಿ ಜನರಲ್ ಮೋಟಾರ್ಸ್ ಇದಕ್ಕೆ ಬದಲಿ ಬೇಕು ಅಂತ ಕೇಳಿತು. ಡಿಕ್ ಮಾರ್ಲಿ ಅವರ ತಂಡದ ಮೋಡಿಕಾನ್ 084 ಅನ್ನುವ ಪಿಎಲ್‌ಸಿ ಬಂತು. ಡಿಇಸಿ ಕಂಪನಿ 1969ರಲ್ಲಿ ಪಿಡಿಪಿ-14 ಅನ್ನುವುದನ್ನು ತಂದಿತು. ಹೆಸರು ಕಂಪ್ಯೂಟರ್‌ನದೇ, ಆದರೆ ಅದರಲ್ಲಿ ಸಂಖ್ಯೆ ಕೂಡುವ ಇನ್‌ಸ್ಟ್ರಕ್ಷನ್ನೇ ಇರಲಿಲ್ಲ. ಇನ್‌ಪುಟ್ ಆನ್ ಇದೆಯಾ ನೋಡು, ಔಟ್‌ಪುಟ್ ಆನ್ ಮಾಡು, ಆಫ್ ಮಾಡು, ಜಂಪ್ ಮಾಡು. ರಿಲೇ ಪ್ಯಾನೆಲ್ ಕೇಳುವುದೂ ಅಷ್ಟನ್ನೇ. ಆಮೇಲೆ ಪಿಎಲ್‌ಸಿ ಭಾಷೆಗಳಿಗೆ ಐಇಸಿ 61131-3 ಅನ್ನುವ ಸ್ಟ್ಯಾಂಡರ್ಡ್ 1993ರಲ್ಲಿ ಬಂತು. ಅದರ ಇನ್‌ಸ್ಟ್ರಕ್ಷನ್ ಲಿಸ್ಟ್ ಭಾಷೆಯಲ್ಲಿ ಮೇಲಿನ ಮೋಟಾರ್ ಪ್ರೋಗ್ರಾಂ ಬರೆದರೆ ಹೆಚ್ಚುಕಮ್ಮಿ ಸಾಲಿಗೆ ಸಾಲು ಹಾಗೇ ಇರುತ್ತದೆ. 2013ರ ಆವೃತ್ತಿಯಲ್ಲಿ ಆ ಭಾಷೆಯನ್ನು ಹಳತು ಅಂತ ಗುರುತು ಹಾಕಿದರು. ಆದರೆ ಲ್ಯಾಡರ್ ಡಯಾಗ್ರಾಂ (ರಿಲೇ ಸರ್ಕ್ಯೂಟಿನ ಚಿತ್ರದ ಹಾಗಿರುವ ಪಿಎಲ್‌ಸಿ ಭಾಷೆ) ಬರೆಯುವವರೆಲ್ಲ ಇವತ್ತಿಗೂ ಯೋಚಿಸುವುದು ಒಂದೊಂದೇ ಬಿಟ್‌ನಲ್ಲಿ.

ಇನ್ನು ಸಂಖ್ಯೆಗಳ ಲೆಕ್ಕ. ಆಗುತ್ತದೆ, ಆದರೆ ಸುಸ್ತಾಗುತ್ತದೆ. ಎ, ಬಿ ಅನ್ನುವ ಎರಡು ಬಿಟ್ ಮತ್ತು ಹಿಂದಿನಿಂದ ಬಂದ ಕ್ಯಾರಿ, ಮೂರನ್ನೂ ಕೂಡಬೇಕು. ಎ ಓದು, ಬಿ ಜೊತೆ ಎಕ್ಸ್‌ನಾರ್, ಕ್ಯಾರಿ ಜೊತೆ ಎಕ್ಸ್‌ನಾರ್, ಮೊತ್ತ ಅಂತ ಬರೆ. ಎರಡು ಸಲ ತಿರುಗಿದ್ದರಿಂದ ತಿರುಗಿದ್ದು ಸರಿಹೋಗಿ ಸರಿಯಾದ ಮೊತ್ತ ಬರುತ್ತದೆ. ಇದಕ್ಕೆ ನಾಲ್ಕು ಇನ್‌ಸ್ಟ್ರಕ್ಷನ್. ಮುಂದಿನ ಕ್ಯಾರಿ ಕಂಡುಹಿಡಿಯಲು ಎಂಟು: ಎ ಓದು, ಬಿ ಜೊತೆ ಆರ್, ಕ್ಯಾರಿ ಜೊತೆ ಆಂಡ್, ಪಕ್ಕಕ್ಕಿಡು, ಮತ್ತೆ ಎ ಓದು, ಬಿ ಜೊತೆ ಆಂಡ್, ಪಕ್ಕಕ್ಕಿಟ್ಟದ್ದರ ಜೊತೆ ಆರ್, ಕ್ಯಾರಿ ಅಂತ ಬರೆ. ಒಂದು ಬಿಟ್‌ಗೆ 12 ಆಯಿತು, 8 ಬಿಟ್‌ಗೆ 96. ವಿಳಾಸ ರಾಮ್‌ನಲ್ಲೇ ಕೂತಿರುವುದರಿಂದ ಲೂಪ್ ಹಾಕಿ ವಿಳಾಸ ಹೆಚ್ಚಿಸುವ ಆಟವೂ ನಡೆಯುವುದಿಲ್ಲ, 96 ಸಾಲನ್ನೂ ಬಿಡಿಸಿ ಬರೆಯಬೇಕು. 4 ಮೆಗಾಹರ್ಟ್ಸ್ ಜೆಡ್80 ಇದನ್ನು 1 ಮೈಕ್ರೋಸೆಕೆಂಡ್‌ನಲ್ಲಿ ಮುಗಿಸುತ್ತದೆ. ಇಲ್ಲಿ 96. ಸ್ವಿಚ್, ರಿಲೇ, ದೀಪಗಳಿಗೆ ಸರಿ. ಉಷ್ಣತೆ ಅಳೆದು ಸರಾಸರಿ ತೆಗೆಯಬೇಕು ಅಂದರೆ ಈ ಚಿಪ್ ಬೇಡ.

ಮೈಕ್ರೋಕಂಟ್ರೋಲರ್‌ಗಳು ಅಗ್ಗವಾದ ಮೇಲೆ 14500 ಮೂಲೆಗುಂಪಾಯಿತು, ಈಗ ತಯಾರಾಗುವುದಿಲ್ಲ. ಆದರೆ ಯೋಚನೆ ಸಾಯಲಿಲ್ಲ. ಇಂಟೆಲ್ 1980ರಲ್ಲಿ ತಂದ 8051ರ ಒಳಗೆ ಬೂಲಿಯನ್ ಪ್ರೊಸೆಸರ್ ಅಂತಲೇ ಒಂದು ಭಾಗ ಇದೆ. ಕ್ಯಾರಿ ಫ್ಲ್ಯಾಗೇ ಅದರ ರಿಸಲ್ಟ್ ರಿಜಿಸ್ಟರ್. ಒಂದೊಂದಾಗಿ ಮುಟ್ಟಬಹುದಾದ 128 ಬಿಟ್‌ಗಳು ಅದರ ಮೆಮೊರಿ. ತಿರುಗಿಸಿದ ಆಂಡ್, ತಿರುಗಿಸಿದ ಆರ್ ಕೂಡ ಇವೆ. ಎಂಜಿನಿಯರಿಂಗ್ ಓದಿದ ಲಕ್ಷಾಂತರ ಜನ 8051 ಲ್ಯಾಬ್ ಮಾಡಿದ್ದಾರೆ. ಅದರೊಳಗೆ ಪೂರ್ತಿ 1 ಬಿಟ್ ಪ್ರೊಸೆಸರ್ ಇತ್ತು ಅಂತ ಎಷ್ಟು ಜನರಿಗೆ ಹೇಳಿಕೊಟ್ಟಿರುತ್ತಾರೋ, ಸಂಶಯವೇ.

ಇಲ್ಲಿಯವರೆಗೆ ಹೇಳಿದ್ದು ಡೇಟಾವೇ ಒಂದು ಬಿಟ್ ಇರುವ ಪ್ರೊಸೆಸರ್. ಇದರ ಜೊತೆ ಜನ ಬೆರೆಸಿಬಿಡುವ ಇನ್ನೊಂದು ಜಾತಿ ಇದೆ, ಬಿಟ್ ಸೀರಿಯಲ್. ಅಲ್ಲಿ ಸಂಖ್ಯೆ 12, 26, 32 ಹೀಗೆ ಹಲವು ಬಿಟ್‌ನದೇ. ಆದರೆ ಕೂಡುವ ಸರ್ಕ್ಯೂಟ್ ಒಂದೇ ಬಿಟ್ ಅಗಲ, ಬಿಟ್‌ಗಳು ಸಾಲಾಗಿ ಒಂದರ ಹಿಂದೆ ಒಂದು ಬರುತ್ತವೆ. ಕೇಂಬ್ರಿಜ್‌ನ 1949ರ ಎಡ್‌ಸ್ಯಾಕ್ ಕಂಪ್ಯೂಟರ್ ಹಾಗಿತ್ತು. ಪಾದರಸದ ಕೊಳವೆಯ ಮೆಮೊರಿಯಿಂದ ಬಿಟ್‌ಗಳು ಬರುತ್ತಿದ್ದದ್ದೇ ಒಂದೊಂದಾಗಿ, ಮತ್ತೆ ಅಗಲದ ಸರ್ಕ್ಯೂಟ್ ಯಾಕೆ? ಸ್ಯಾಟರ್ನ್ 5 ರಾಕೆಟ್‌ಗೆ ದಾರಿ ತೋರಿಸಿದ ಕಂಪ್ಯೂಟರ್, 1972ರ ಎಚ್‌ಪಿ-35 ಕ್ಯಾಲ್ಕುಲೇಟರ್, ಇವೆಲ್ಲ ಬಿಟ್ ಸೀರಿಯಲ್ಲೇ. ಸರ್ಕ್ಯೂಟ್ ಕಡಿಮೆ, ಸಮಯ ಜಾಸ್ತಿ. ಅವಸರ ಇಲ್ಲದ ಕಡೆ ಇದು ಒಳ್ಳೇ ವ್ಯಾಪಾರ.

ಇದರ ಈಗಿನ ರೂಪ ಸರ್ವ್ ಅನ್ನುವ ಪ್ರೊಸೆಸರ್. ಓಲೊಫ್ ಶಿಂಡ್‌ಗ್ರೆನ್ ಬರೆದದ್ದು, ಓಪನ್ ಸೋರ್ಸ್. ಪ್ರೋಗ್ರಾಂ ಬರೆಯುವವರಿಗೆ ಅದು ಪೂರ್ತಿ 32 ಬಿಟ್‌ನ ರಿಸ್ಕ್-ಫೈವ್ (ಯಾರು ಬೇಕಾದರೂ ಬಳಸಬಹುದಾದ ಒಂದು ಇನ್‌ಸ್ಟ್ರಕ್ಷನ್ ಪದ್ಧತಿ) ಪ್ರೊಸೆಸರ್. ಒಳಗೆ ಮಾತ್ರ ಒಂದೊಂದೇ ಬಿಟ್. ಹಾಗಾಗಿ ಒಂದು ಇನ್‌ಸ್ಟ್ರಕ್ಷನ್‌ಗೆ 32ಕ್ಕಿಂತ ಜಾಸ್ತಿ ಕ್ಲಾಕ್ ಬೇಕು. ಆದರೆ ಎಫ್‌ಪಿಜಿಎಯಲ್ಲಿ (ಬೇಕಾದ ಸರ್ಕ್ಯೂಟನ್ನು ನಾವೇ ತುಂಬಿಕೊಳ್ಳಬಹುದಾದ ಚಿಪ್) ಎಷ್ಟು ಕಡಿಮೆ ಜಾಗ ಹಿಡಿಯುತ್ತದೆ ಅಂದರೆ, ದೊಡ್ಡ ಎಫ್‌ಪಿಜಿಎ ಒಂದರಲ್ಲೇ ಸಾವಿರಾರು ಪ್ರೊಸೆಸರ್ ತುಂಬಬಹುದು. 2024ರಲ್ಲಿ ಸಿಲಿಕಾನ್ ಬಿಟ್ಟು ಬಾಗುವ ಪ್ಲಾಸ್ಟಿಕ್ ಹಾಳೆ ಮೇಲೆ ಒಂದು ರಿಸ್ಕ್-ಫೈವ್ ಪ್ರೊಸೆಸರ್ ಮಾಡಿ ತೋರಿಸಿದರು. ಅದಕ್ಕೂ ಸರ್ವ್ ಆಧಾರ. ವೇಗ 60 ಕಿಲೋಹರ್ಟ್ಸ್, ಪವರ್ 6 ಮಿಲಿವ್ಯಾಟ್‌ಗಿಂತ ಕಡಿಮೆ. ಅಂಥ ಹಾಳೆ ಮೇಲೆ ಟ್ರಾನ್ಸಿಸ್ಟರ್‌ಗಳನ್ನು ಸಿಲಿಕಾನ್‌ನಲ್ಲಿ ತುಂಬಿದ ಹಾಗೆ ತುಂಬಲು ಆಗುವುದಿಲ್ಲ. ಅಲ್ಲಿ ಅಗಲ ಕಡಿಮೆ ಮಾಡುವುದೇ ದಾರಿ.

ಮೂರನೇ ಬಳಕೆ ಇದಕ್ಕೆ ಪೂರ್ತಿ ತದ್ವಿರುದ್ಧ: ಒಂದು ಬಿಟ್‌ನ ಪ್ರೊಸೆಸರ್ ಚಿಕ್ಕದು ತಾನೇ, ಹಾಗಾದರೆ ಸಾವಿರಾರು ಹಾಕಿಬಿಡೋಣ ಅನ್ನುವುದು. ಬ್ರಿಟನ್ನಿನ ಐಸಿಎಲ್ ಕಂಪನಿಯ ಡ್ಯಾಪ್ ಕಂಪ್ಯೂಟರ್‌ನಲ್ಲಿ 64 ಅಡ್ಡಸಾಲು, 64 ಕಂಬಸಾಲು, ಒಟ್ಟು 4,096 ಇದ್ದವು. ಗುಡ್‌ಇಯರ್ ಏರೋಸ್ಪೇಸ್ 1983ರಲ್ಲಿ ನಾಸಾಗೆ ಕೊಟ್ಟ ಎಂಪಿಪಿಯಲ್ಲಿ 16,384. ಉಪಗ್ರಹದ ಚಿತ್ರಗಳಿಗೆ ಹೇಳಿ ಮಾಡಿಸಿದ್ದು ಅದು, ಎಲ್ಲ ಪಿಕ್ಸೆಲ್‌ಗಳಿಗೂ ಒಂದೇ ಲೆಕ್ಕ ಒಟ್ಟಿಗೆ. ಇವೆಲ್ಲಕ್ಕಿಂತ ಹೆಸರು ಮಾಡಿದ್ದು ಡ್ಯಾನಿ ಹಿಲ್ಲಿಸ್ ಅವರ ಕನೆಕ್ಷನ್ ಮಷೀನ್. ಅದರ ಮೊದಲ ಮಾದರಿ ಸಿಎಂ-1ರಲ್ಲಿ 65,536 ಪ್ರೊಸೆಸರ್, ಒಂದೊಂದಕ್ಕೆ 4 ಕಿಲೋಬಿಟ್ ಮೆಮೊರಿ. ಅಲ್ಲಿ ಆಂಡ್, ಆರ್ ಅಂತ ಪ್ರತ್ಯೇಕ ಇನ್‌ಸ್ಟ್ರಕ್ಷನ್‌ಗಳೇ ಇರಲಿಲ್ಲ. ಮೂರು ಬಿಟ್ ಒಳಗೆ, ಎರಡು ಬಿಟ್ ಹೊರಗೆ. ಯಾವುದಕ್ಕೆ ಏನು ಬರಬೇಕು ಅನ್ನುವ ಟ್ರೂತ್ ಟೇಬಲ್ಲನ್ನೇ ಇನ್‌ಸ್ಟ್ರಕ್ಷನ್ ಆಗಿ ಕಳಿಸುತ್ತಿದ್ದರು. 14500ಗೆ 12 ಹೆಜ್ಜೆ ಹಿಡಿದ ಆ ಕೂಡುವ ಲೆಕ್ಕ, ಮೂರು ಬಿಟ್ ಒಳಗೆ ಮೊತ್ತ ಮತ್ತು ಕ್ಯಾರಿ ಹೊರಗೆ, ಇಲ್ಲಿ ಒಂದೇ ಇನ್‌ಸ್ಟ್ರಕ್ಷನ್! ಆದರೆ ವಿಜ್ಞಾನಿಗಳಿಗೆ ಬೇಕಾಗಿದ್ದದ್ದು ದಶಮಾಂಶದ ದೊಡ್ಡ ಲೆಕ್ಕಗಳು. ಒಂದೊಂದೇ ಬಿಟ್ ಹಿಡಿದು ಅದನ್ನು ಮಾಡುವುದು ತೀರಾ ನಿಧಾನ. ಹಾಗಾಗಿ ಸಿಎಂ-2ರಲ್ಲಿ ಪ್ರತಿ 32 ಪ್ರೊಸೆಸರ್‌ಗೆ ಒಂದರಂತೆ ಫ್ಲೋಟಿಂಗ್ ಪಾಯಿಂಟ್ ಚಿಪ್ ಸೇರಿಸಿದರು. 1991ರ ಸಿಎಂ-5ಕ್ಕೆ ಬರುವಷ್ಟರಲ್ಲಿ 1 ಬಿಟ್ ಬಿಟ್ಟು ಮಾಮೂಲಿ ಸ್ಪಾರ್ಕ್ ಪ್ರೊಸೆಸರ್ ಹಿಡಿದರು.

ಅಂದಹಾಗೆ, ಎಐ ಸುದ್ದಿಗಳಲ್ಲಿ "1 ಬಿಟ್ ಮಾಡೆಲ್" ಅಂತ ಕೇಳಿರಬಹುದು. ಅದು ಬೇರೆ ವಿಷಯ. ಮಾಡೆಲ್‌ನ ಒಳಗಿನ ವೇಯ್ಟ್ ಅನ್ನುವ ಸಂಖ್ಯೆಗಳನ್ನು ಒಂದೊಂದು ಬಿಟ್‌ಗೆ ಹತ್ತಿರ ಇಳಿಸುವುದು ಅಷ್ಟೇ, ಅದನ್ನು ಓಡಿಸುವುದು ಮಾಮೂಲಿ ಪ್ರೊಸೆಸರ್‌ಗಳೇ.

ಕಟ್ಟಿ ನೋಡಬಹುದಾ ಅಂತ ಕೇಳಿದ್ದಿರಿ. ಖಂಡಿತ. ವ್ಯಾಕ್ಯೂಮ್ ಟ್ಯೂಬ್‌ಗಳಲ್ಲೇ ಈ ಚಿಪ್‌ನ ಮಾದರಿ ಹಿಡಿದು ಕಂಪ್ಯೂಟರ್ ಕಟ್ಟಿದ ಹವ್ಯಾಸಿಗಳಿದ್ದಾರೆ! ನೀವು ಅಷ್ಟು ದೂರ ಹೋಗುವುದು ಬೇಡ. ಹಳೇ 14500 ಸಿಕ್ಕರೆ ಸರಿ, ಸಿಗದಿದ್ದರೆ ಮೊದಲು ನಿಮಗೆ ಬರುವ ಯಾವುದಾದರೂ ಭಾಷೆಯಲ್ಲಿ ಇದರ ಎಮ್ಯುಲೇಟರ್ ಬರೆಯಿರಿ. ಒಂದೊಂದು ಬಿಟ್‌ನ ಮೂರು ವೇರಿಯಬಲ್, 16 ಕೇಸ್, ಒಂದು ಪುಟದಲ್ಲಿ ಮುಗಿಯುತ್ತದೆ. ಹಾರ್ಡ್‌ವೇರೇ ಬೇಕು ಅಂದರೆ ಇನ್‌ಪುಟ್ ಆರಿಸಲು 74ಎಚ್‌ಸಿ151, ಔಟ್‌ಪುಟ್ ಹಿಡಿಯಲು 74ಎಚ್‌ಸಿ259 ಸಾಕು. ಒಂದು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. "ಆರ್ ಮೋಟಾರ್" ಅನ್ನುವ ಸಾಲಿಗೆ ಔಟ್‌ಪುಟ್ಟನ್ನು ವಾಪಸ್ ಓದಬೇಕು. ಮೋಟೊರೋಲಾ ಜೊತೆಗೆ ಕೊಡುತ್ತಿದ್ದ ಎಂಸಿ14599ಬಿ ಲ್ಯಾಚ್‌ನಿಂದ ವಾಪಸ್ ಓದಬಹುದಿತ್ತು, 259ರಿಂದ ಆಗುವುದಿಲ್ಲ. ಆ ಔಟ್‌ಪುಟ್‌ನಿಂದ ಇನ್ನೊಂದು ವೈರ್ ಎಳೆದು 151ರ ಒಂದು ಇನ್‌ಪುಟ್‌ಗೆ ಕೊಡಿ.

ಮೊದಲ ಪ್ರೋಗ್ರಾಂ ಆಗಿ ಮೆಟ್ಟಿಲ ದೀಪ ಮಾಡಿ. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್, ಯಾವುದನ್ನು ತಟ್ಟಿದರೂ ದೀಪ ಬದಲಾಗಬೇಕು. ಲೋಡ್ ಕೆಳಗಿನದು, ಎಕ್ಸ್‌ನಾರ್ ಮೇಲಿನದು, ತಿರುಗಿಸಿ ಸ್ಟೋರ್ ದೀಪ. ಮೂರೇ ಸಾಲು. ಅದು ಸರಿಬಂದ ಮೇಲೆ ಮೂರನೇ ಸ್ವಿಚ್ ಸೇರಿಸಿ. ಆಗ ಕೊನೇ ಸಾಲಿನಲ್ಲಿ ತಿರುಗಿಸಬೇಕೋ ಬೇಡವೋ ಅನ್ನುವುದನ್ನು ನೀವೇ ಲೆಕ್ಕ ಹಾಕಿ, ಉತ್ತರ ಮೇಲೆ ಕೂಡುವ ಲೆಕ್ಕದಲ್ಲಿ ಆಗಲೇ ಬಂದಿದೆ.